ಕರೆಂಟ್ ಹೋಗುವ ಮೊದಲೇ ಕೇಳಿಬಿಡಿ: ಕೋಡಿಂಗ್ ಗುಂಪುಗಳಲ್ಲಿ ಸಲಹೆ ಕೇಳುವ, ಕೊಡುವ ಕ್ರಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯಲ್ಲಿ ಕೂತು ಕೋಡ್ ಬರೆಯುವವರು ಗುಂಪಿನಲ್ಲಿ ‘ಹಲೋ, ಪೈಥಾನ್ ಗೊತ್ತಿರುವವರು ಯಾರಾದರೂ ಇದ್ದೀರಾ?’ ಎಂದು ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ. ಅರ್ಧ ಗಂಟೆ ಬಿಟ್ಟು ಯಾರೋ ‘ಹೇಳಿ’ ಅನ್ನುತ್ತಾರೆ. ಅಷ್ಟರಲ್ಲಿ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಇನ್ನೊಂದಿಷ್ಟು ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿ. ಮಾರನೇ ದಿನ ಸಿಗ್ನಲ್ ಬಂದಾಗ ‘ಹೇಳಿ’ ಅಂದವರು ತಮ್ಮ ಕೆಲಸಕ್ಕೆ ಹೋಗಿರುತ್ತಾರೆ. ಎರಡು ದಿನ ಕಳೆದರೂ ಪ್ರಶ್ನೆ ಏನೆಂದೇ ಯಾರಿಗೂ ಗೊತ್ತಾಗಿರುವುದಿಲ್ಲ.

ಆದ್ದರಿಂದ ಮಡಿಕೇರಿಯಿಂದಲೋ ಪೊನ್ನಂಪೇಟೆಯಿಂದಲೋ ಕೇಳುವವರು ಪ್ರತಿ ಸಂದೇಶವನ್ನೂ ‘ಇದಾದ ಮೇಲೆ ಒಂದು ದಿನ ನಾನು ಸಿಗುವುದಿಲ್ಲ’ ಎಂದುಕೊಂಡೇ ಬರೆಯಬೇಕು. ಉತ್ತರ ಕೊಡುವವರಿಗೂ ಇದೇ ಲೆಕ್ಕ. ಆನ್‌ಲೈನ್ ಗುಂಪಿನಲ್ಲಿ ಮರ್ಯಾದೆ ಅಂದರೆ ಮುಕ್ಕಾಲು ಪಾಲು ಇದೇ: ಎದುರಿನವರು ಇನ್ನೊಮ್ಮೆ ಕೇಳಬೇಕಾಗದ ಹಾಗೆ ಹೇಳುವುದು. ಉಳಿದ ಕಾಲು ಪಾಲು ಮಾತಿನ ಧಾಟಿ. ಅದಕ್ಕೆ ಆಮೇಲೆ ಬರೋಣ.

ಕೇಳುವ ಮೊದಲಿನ ಇಪ್ಪತ್ತು ನಿಮಿಷ

ಮೊದಲು ಎರರ್ ಅನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪೈಥಾನ್‌ನಲ್ಲಿ ಕೊನೆಯ ಸಾಲು ಏನಾಯಿತು ಎಂದು ಹೇಳುತ್ತದೆ. ಅದರ ಮೇಲಿನ ಸಾಲುಗಳು ಎಲ್ಲಿ ಆಯಿತು ಎಂದು ಹೇಳುತ್ತವೆ. ಅವುಗಳಲ್ಲಿ ನಿಮ್ಮ ಸ್ವಂತ ಫೈಲಿನ ಹೆಸರು ಕಾಣುವ ಸಾಲನ್ನು ಹುಡುಕಿ ಆ ಸಾಲಿನ ಸಂಖ್ಯೆ ಗುರುತಿಟ್ಟುಕೊಳ್ಳಿ.

ಆಮೇಲೆ ಕೊನೆಯ ಸಾಲನ್ನು ಸರ್ಚ್ ಮಾಡಿ. ಮಾಡುವಾಗ ನಿಮ್ಮ ಫೋಲ್ಡರ್, ಫೈಲ್, ವೇರಿಯಬಲ್ ಹೆಸರುಗಳನ್ನು ತೆಗೆದುಬಿಡಿ. ಅವು ಪ್ರಪಂಚದಲ್ಲಿ ಬೇರೆ ಯಾರ ಎರರ್‌ನಲ್ಲೂ ಇರುವುದಿಲ್ಲ, ಇದ್ದರೆ ಹುಡುಕಾಟವೇ ದಿಕ್ಕು ತಪ್ಪುತ್ತದೆ.

ಮೂರನೆಯದು ಬೇಸರದ ಕೆಲಸ, ಆದರೆ ಫಲ ಕೊಡುವುದು ಇದೇ: ಕೋಡನ್ನು ಕುಗ್ಗಿಸುವುದು. ಇನ್ನೂರು ಸಾಲಿನ ಪ್ರೋಗ್ರಾಮಿನ ಒಂದು ಪ್ರತಿ ಮಾಡಿಕೊಂಡು ಎರರ್‌ಗೆ ಸಂಬಂಧವಿಲ್ಲದ್ದನ್ನೆಲ್ಲ ಅಳಿಸುತ್ತಾ ಬನ್ನಿ. ಪ್ರತಿ ಸಲ ಅಳಿಸಿದ ಮೇಲೆ ಓಡಿಸಿ ನೋಡಿ. ಅದೇ ಎರರ್ ಬರುತ್ತಿದ್ದರೆ ಇನ್ನೂ ಅಳಿಸಿ, ಎರರ್ ಹೋದರೆ ಕೊನೆಗೆ ಅಳಿಸಿದ್ದನ್ನು ವಾಪಸ್ ಹಾಕಿ. ಹತ್ತು ಸಾಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಪ್ರಶ್ನೆಯೇ ಬೇಕಾಗುವುದಿಲ್ಲ. ಡೇಟಾ ಫೈಲಿಗೂ ಹೀಗೇ: ಸಾವಿರ ಸಾಲು ಬೇಡ, ಎರರ್ ತರಿಸುವ ಮೂರು ಸಾಲು ಸಾಕು.

ಕೊನೆಗೆ ಆಪರೇಟಿಂಗ್ ಸಿಸ್ಟಮ್ ಮತ್ತು ಭಾಷೆಯ ವರ್ಷನ್ ಬರೆದಿಟ್ಟುಕೊಳ್ಳಿ. ‘ಲೇಟೆಸ್ಟ್’ ಎಂದು ಬರೆಯಬೇಡಿ. ಇವತ್ತಿನ ಲೇಟೆಸ್ಟ್ ಮುಂದಿನ ವರ್ಷ ಅದೇ ಪ್ರಶ್ನೆ ಓದುವವರಿಗೆ ಹಳತು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡುವ ರೂಢಿ ಇದೆ. ಅದನ್ನು ಸಿಎಸ್‌ವಿ ಫೈಲಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಕಂಪ್ಯೂಟರಿಗೆ ಹಾಕಿ ಊರುವಾರು ಒಟ್ಟು ತೆಗೆಯುವುದು ವಿದ್ಯಾರ್ಥಿಗಳು ಕೈಹಾಕುವ ಕೆಲಸ. ಅಂಥವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಿಎಸ್‌ವಿ ಓದುತ್ತಿಲ್ಲ, ಎರರ್ ಬರ್ತಿದೆ, ಅರ್ಜೆಂಟ್, ಹೆಲ್ಪ್ ಮಾಡಿ ಸರ್.’ ಜೊತೆಗೆ ಮೊಬೈಲಿನಲ್ಲಿ ತೆಗೆದ, ಅರ್ಧ ಪರದೆಯ ಫೋಟೊ.

ಅದೇ ಪ್ರಶ್ನೆಯನ್ನು ಹೀಗೂ ಕೇಳಬಹುದು:

‘ವಿಂಡೋಸ್ 11, ಪೈಥಾನ್ 3.12. ಮಳೆ ಲೆಕ್ಕದ ಸಿಎಸ್‌ವಿ ಫೈಲ್ ಓದಿ ಊರುವಾರು ಒಟ್ಟು ಮಳೆ ತೆಗೆಯಬೇಕು. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿದ್ದು. ಮೊದಲ ಸಾಲು “ದಿನಾಂಕ,ಊರು,ಮಳೆ”. ಎರಡನೇ ಸಾಲು “12-07-2025,ಮಡಿಕೇರಿ,2.35”. ಮೂರನೇ ಸಾಲು “12-07-2025,ವಿರಾಜಪೇಟೆ,1.80”. ಮಳೆ ಇಂಚಿನಲ್ಲಿದೆ. ಆರು ಸಾಲಿನ ಕೋಡ್ ಮತ್ತು ಪೂರ್ತಿ ಎರರ್ ಕೆಳಗೆ ಹಾಕಿದ್ದೇನೆ. ಇದೇ ಕೋಡ್ ಕಾಲೇಜಿನ ಉಬುಂಟುವಿನಲ್ಲಿ ಓಡುತ್ತದೆ, ಮನೆಯ ಲ್ಯಾಪ್‌ಟಾಪಿನಲ್ಲಿ ನಿಲ್ಲುತ್ತದೆ. ಮೊದಲ ಸಾಲನ್ನು ಇಂಗ್ಲಿಷಿಗೆ ಬದಲಿಸಿದರೆ ಎರರ್ ಹೋಗುತ್ತದೆ, ಆದರೆ ಊರಿನ ಹೆಸರುಗಳು ವಿಚಿತ್ರ ಅಕ್ಷರಗಳಾಗಿ ಬರುತ್ತವೆ. ಸಂಜೆ ಮತ್ತೆ ನೋಡುತ್ತೇನೆ.’

ಕೆಳಗೆ ಅಂಟಿಸಿದ ಎರರ್‌ನ ಕೊನೆಯ ಸಾಲಿನ ಸಾರ: ಯೂನಿಕೋಡ್ ಡಿಕೋಡ್ ಎರರ್, ಬೈಟುಗಳನ್ನು ಅಕ್ಷರಗಳಾಗಿಸುವ ‘ಚಾರ್‌ಮ್ಯಾಪ್’ ಕೋಡೆಕ್‌ಗೆ 27ನೇ ಸ್ಥಾನದ 81 ಎಂಬ ಬೈಟ್ (ಬೈಟುಗಳನ್ನು ಬರೆಯುವುದು ಹದಿನಾರರ ಅಂಕಿಪದ್ಧತಿಯಲ್ಲಿ) ಅರ್ಥವಾಗುತ್ತಿಲ್ಲ. (ಎರರ್ ಅನ್ನು ನೀವು ಅಂಟಿಸುವಾಗ ಪರದೆಯಲ್ಲಿ ಕಂಡ ಇಂಗ್ಲಿಷಿನಲ್ಲೇ ಇರಲಿ, ಕನ್ನಡಕ್ಕೆ ತಿರುಗಿಸಬೇಡಿ. ತಿರುಗಿಸಿದರೆ ಸರ್ಚ್‌ಗೆ ಸಿಗುವುದಿಲ್ಲ.)

ಇಷ್ಟು ಕೊಟ್ಟರೆ, ವಿಷಯ ಬಲ್ಲವರು ಕೂತಲ್ಲಿಂದಲೇ ಉತ್ತರ ಹೇಳಬಲ್ಲರು. ಹೇಗೆಂದರೆ: ಈ ಫೈಲ್ ಉಳಿದಿರುವುದು ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿ ಬರೆದಿಡುವ ಸಂಕೇತದಲ್ಲಿ. ಅದರಲ್ಲಿ ಪ್ರತಿ ಕನ್ನಡ ಅಕ್ಷರ ಚಿಹ್ನೆಗೆ ಮೂರು ಬೈಟ್. ‘ದಿನಾಂಕ’ದಲ್ಲಿ ದ, ಗುಡಿಸು, ನ, ದೀರ್ಘ, ಸೊನ್ನೆ, ಕ ಎಂದು ಆರು ಚಿಹ್ನೆ, ಅಂದರೆ 18 ಬೈಟ್. ಅಲ್ಪವಿರಾಮಕ್ಕೆ ಒಂದು, 19 ಆಯಿತು. ‘ಊ’ ಮತ್ತು ‘ರ’ ಸೇರಿ ಆರು, 25. ಆಮೇಲಿನ ಕೊಂಬಿನ ಮೂರು ಬೈಟುಗಳು 25, 26, 27ನೇ ಸ್ಥಾನದಲ್ಲಿ ಕೂರುತ್ತವೆ, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ. ಕೊಂಬಿನ ಮೂರನೇ ಬೈಟ್ 81. ಇಂಗ್ಲಿಷ್ ವಿಂಡೋಸ್‌ನಲ್ಲಿ ಪೈಥಾನ್ ಫೈಲನ್ನು ಸಿಪಿ1252 ಎಂಬ ಹಳೆಯ ಸಂಕೇತದಲ್ಲಿ ಓದಲು ಹೋಗುತ್ತದೆ, ಆ ಸಂಕೇತದಲ್ಲಿ 81ಕ್ಕೆ ಅಕ್ಷರವೇ ಇಲ್ಲ. ಹಾಗಾಗಿ ‘ಊರು’ ಎಂಬುದರ ಕೊಂಬಿನಲ್ಲೇ ಪ್ರೋಗ್ರಾಂ ಎಡವಿತು.

‘ಮಡಿಕೇರಿ’, ‘ವಿರಾಜಪೇಟೆ’ಗಳಲ್ಲಿ ಕೊಂಬೂ ಇಲ್ಲ, ಒತ್ತಕ್ಷರವೂ ಇಲ್ಲ. ಅವುಗಳ ಬೈಟುಗಳಿಗೆಲ್ಲ ಸಿಪಿ1252ರಲ್ಲಿ ಏನೋ ಒಂದು ಅಕ್ಷರ ಉಂಟು. ಅದಕ್ಕೇ ಎರರ್ ಬಾರದೆ ವಿಚಿತ್ರ ಅಕ್ಷರ ಬಂತು. ‘ಕುಶಾಲನಗರ’ ಇದ್ದಿದ್ದರೆ ಮೊದಲ ಅಕ್ಷರದ ಕೊಂಬಿನಲ್ಲೇ ನಿಲ್ಲುತ್ತಿತ್ತು. ‘ಗೋಣಿಕೊಪ್ಪ’ವಾದರೆ ಒತ್ತಿನಲ್ಲಿ, ಅಲ್ಲಿ ಬೈಟ್ 81ರ ಬದಲು 8ಡಿ. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಯುಟಿಎಫ್-8 ಬಳಸುವುದರಿಂದ ಕಾಲೇಜಿನಲ್ಲಿ ತೊಂದರೆ ಬರಲಿಲ್ಲ.

ಈಗ ಮೊದಲಿನ ‘ಅರ್ಜೆಂಟ್’ ಪ್ರಶ್ನೆಗೆ ಹಿಂತಿರುಗಿ ನೋಡಿ. 27 ಎಂಬ ಸಂಖ್ಯೆ, ಮೊದಲ ಸಾಲು, ವಿಂಡೋಸ್ ಎಂಬ ಮಾತು, ಇವುಗಳಲ್ಲಿ ಯಾವೊಂದೂ ಅದರಲ್ಲಿಲ್ಲ. ಉಬುಂಟುವಿನಲ್ಲಿ ಕೂತವರು ‘ನಮ್ಮಲ್ಲಿ ಸರಿಯಾಗೇ ಓಡುತ್ತಿದೆಯಲ್ಲ’ ಎಂದು ಬಿಡುತ್ತಾರೆ. ಅವರದ್ದು ಉಡಾಫೆಯಲ್ಲ. ಅವರಲ್ಲಿ ನಿಜಕ್ಕೂ ಓಡುತ್ತದೆ.

ಎರರ್‌ನ ಕೊನೆಯ ಸಾಲು ಮಾತ್ರ ಕೊಟ್ಟರೆ ಸಾಲದು. ಸಿಪಿ1252 ಎಂಬ ಹೆಸರು ಕೊನೆಯ ಸಾಲಿನಲ್ಲಿ ಇರುವುದೇ ಇಲ್ಲ, ಮೇಲಿನ ಸಾಲುಗಳಲ್ಲಿ ಒಂದು ಫೈಲಿನ ಹೆಸರಾಗಿ ಬರುತ್ತದೆ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಅಂಟಿಸಿ.

ಇನ್ನೊಂದು, ಊರಿನ ಲೆಕ್ಕ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ‘2 ಇಂಚು 5 ಸೆಂಟು’ ಎಂಬುದನ್ನು 2.5 ಎಂದು ಟೈಪ್ ಮಾಡಿದ್ದರೆ ಅದು 2.05 ಆಗಬೇಕಿತ್ತು. ಒಂದೇ ದಿನದ ಲೆಕ್ಕದಲ್ಲಿ 45 ಸೆಂಟು, ಅಂದರೆ 11.43 ಮಿ.ಮೀ. ಹೆಚ್ಚಾಯಿತು. ಕೋಡ್ ಎಷ್ಟು ಸರಿ ಇದ್ದರೂ ಒಟ್ಟು ತಪ್ಪೇ ಬರುತ್ತದೆ, ಎಷ್ಟು ಜನ ಕೋಡ್ ನೋಡಿದರೂ ತಪ್ಪು ಸಿಗುವುದಿಲ್ಲ. ‘ಒಟ್ಟು ತಪ್ಪು ಬರುತ್ತಿದೆ’ ಎಂದು ಕೇಳುವಾಗ ಅಳತೆ ಯಾವುದು, ಬಂದ ಸಂಖ್ಯೆ ಎಷ್ಟು, ಬರಬೇಕಾದದ್ದು ಎಷ್ಟು, ಮೂರನ್ನೂ ಬರೆಯಿರಿ.

ಅಂಟಿಸುವಾಗ

ಪರದೆಯ ಫೋಟೊ ಬೇಡ. ಅದರಿಂದ ಕೋಡ್ ಕಾಪಿ ಮಾಡಲಾಗದು, ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ತೆರೆಯುವುದೂ ಇಲ್ಲ. ಪಠ್ಯವಾದರೆ ಎಂಥ ನಿಧಾನದ ನೆಟ್‌ವರ್ಕ್‌ನಲ್ಲೂ ತಲುಪುತ್ತದೆ. ವಿಂಡೋ, ಬಟನ್‌ಗಳ ವಿನ್ಯಾಸವೇ ಸಮಸ್ಯೆಯಾಗಿದ್ದರೆ ಮಾತ್ರ ಸ್ಕ್ರೀನ್‌ಶಾಟ್.

ವಾಟ್ಸ್ಆ್ಯಪ್, ಟೆಲಿಗ್ರಾಂ, ಡಿಸ್ಕಾರ್ಡ್ ಮೂರರಲ್ಲೂ ಕೋಡಿನ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿದರೆ ಕೋಡ್ ಬೇರೆಯಾಗಿ ಕಾಣುತ್ತದೆ. ಹಾಕದಿದ್ದರೆ ನಕ್ಷತ್ರ ಚಿಹ್ನೆ, ಅಂಡರ್‌ಸ್ಕೋರ್‌ಗಳು ದಪ್ಪ ಅಕ್ಷರ, ಓರೆ ಅಕ್ಷರದ ಗುರುತುಗಳೆಂದು ಮಾಯವಾಗಬಹುದು. ಕೆಲವು ಮೊಬೈಲ್ ಕೀಬೋರ್ಡ್‌ಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಅದನ್ನು ಕಾಪಿ ಮಾಡಿ ಓಡಿಸಿದವರಿಗೆ ನಿಮಗೆ ಬಾರದ ಹೊಸ ಎರರ್ ಬರುತ್ತದೆ. ಹಾಗಾಗಿ ಮೊಬೈಲಿನಲ್ಲಿ ಮತ್ತೆ ಟೈಪ್ ಮಾಡುವ ಬದಲು ಕಂಪ್ಯೂಟರಿನಿಂದಲೇ ಅಂಟಿಸಿ. ಡಿಸ್ಕಾರ್ಡ್‌ನ ಉಚಿತ ಖಾತೆಯಲ್ಲಿ ಒಂದು ಸಂದೇಶಕ್ಕೆ 2,000 ಅಕ್ಷರ, ಟೆಲಿಗ್ರಾಂನಲ್ಲಿ 4,096. ಅದಕ್ಕೂ ಉದ್ದವಿದ್ದರೆ ಕೋಡ್ ಹಂಚುವ ತಾಣವಾದ ಗಿಟ್‌ಹಬ್ ಗಿಸ್ಟ್‌ನಲ್ಲಿ ಹಾಕಿ ಕೊಂಡಿ ಕೊಡಿ.

ಕಳಿಸುವ ಮೊದಲು ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ), ಕೆಲಸಗಾರರ ಫೋನ್ ನಂಬರ್, ಆಧಾರ್ ಇದೆಯೇ ನೋಡಿ. ತೋಟದ ಹಾಜರಿ ಪುಸ್ತಕದ ಡೇಟಾದಲ್ಲಿ ಫೋನ್ ನಂಬರ್, ಆಧಾರ್ ಇರುವುದುಂಟು. ಹೆಸರು ತೆಗೆದು ‘ಅ’, ‘ಬ’ ಎಂದು ಹಾಕಿ. ಕೀ ಒಂದು ಸಲ ಗಿಟ್‌ಹಬ್‌ಗೆ ಹೋಗಿದ್ದರೆ ಆ ಸಾಲನ್ನು ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಅಲ್ಲಿ ಉಳಿಸಿದ ಹಳೆಯ ಆವೃತ್ತಿಯಲ್ಲಿ) ಉಳಿದಿರುತ್ತದೆ. ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆಯಬೇಕು.

ಕಾಯುವುದು

ಪ್ರಶ್ನೆ ಹಾಕಿ ಒಂದು ದಿನ ಬಿಡಿ. ಉತ್ತರ ಬಾರದಿದ್ದರೆ ‘ಯಾರೂ ನೋಡಿಲ್ವಾ?’ ಎನ್ನುವ ಬದಲು, ಆಮೇಲೆ ನೀವು ಮಾಡಿ ನೋಡಿದ್ದೇನೋ ಅದನ್ನು ಸೇರಿಸಿ. ಹುತ್ತರಿಯ ದಿನ, ಕಾಫಿ ಕುಯ್ಲಿನ ವಾರಗಳಲ್ಲಿ ಇಲ್ಲಿನವರೇ ಇರುವ ಗುಂಪು ಮೌನವಾಗಿದ್ದರೆ ಬೇಸರಿಸಬೇಕಿಲ್ಲ. ಹೆಸರು ಹಿಡಿದು ಟ್ಯಾಗ್ ಮಾಡುವುದು, ನಂಬರ್ ಹುಡುಕಿ ನೇರ ಮೆಸೇಜ್ ಹಾಕುವುದು ಬೇಡ. ಹಿಂದೆ ಒಮ್ಮೆ ಸಹಾಯ ಮಾಡಿದ್ದಕ್ಕೆ ಅವರು ನಿಮ್ಮ ಪಾಲಿಗೆ ಖಾಯಂ ಆಗುವುದಿಲ್ಲ. ಎರಡು ಗುಂಪಿನಲ್ಲಿ ಕೇಳಿದ್ದರೆ ಎರಡರಲ್ಲೂ ಹಾಗೆಂದು ತಿಳಿಸಿ. ಇಲ್ಲದಿದ್ದರೆ ಅಲ್ಲಿ ಬಗೆಹರಿದದ್ದಕ್ಕೆ ಇಲ್ಲಿ ಒಬ್ಬರು ರಾತ್ರಿ ಕೂತು ಉತ್ತರ ಬರೆಯುತ್ತಿರುತ್ತಾರೆ.

ಉತ್ತರ ಕೊಡುವವರಿಗೆ

ಪ್ರಶ್ನೆಯನ್ನು ಪೂರ್ತಿ ಓದಿ, ‘ಇದನ್ನು ಮಾಡಿ ನೋಡಿದೆ’ ಎಂಬ ಭಾಗವನ್ನು ಮುಖ್ಯವಾಗಿ. ಅವರು ಆಗಲೇ ಮಾಡಿದ್ದನ್ನೇ ‘ಮಾಡಿ’ ಎಂದು ಹೇಳುವುದಕ್ಕಿಂತ ಕೆರಳಿಸುವ ಸಲಹೆ ಬೇರೆ ಇಲ್ಲ. ಮಾಹಿತಿ ಸಾಲದಿದ್ದರೆ ಬೇಕಾದದ್ದನ್ನೆಲ್ಲ ಒಂದೇ ಸಲಕ್ಕೆ ಕೇಳಿ: ‘ವರ್ಷನ್ ಯಾವುದು, ಫೈಲಿನ ಮೊದಲ ಎರಡು ಸಾಲು ಯಾವುವು, ಪೂರ್ತಿ ಎರರ್ ಏನು, ಮೂರನ್ನೂ ಹಾಕಿ.’ ಒಂದೊಂದಾಗಿ ಕೇಳಿದರೆ ಮಳೆಗಾಲದಲ್ಲಿ ಮೂರು ದಿನ ಹೋಗುತ್ತದೆ.

ಉತ್ತರದಲ್ಲಿ ಮೊದಲು ಮಾಡಬೇಕಾದದ್ದು, ಆಮೇಲೆ ಕಾರಣ, ಆಮೇಲೆ ಸರಿಯಾಯಿತೆಂದು ತಿಳಿಯುವ ಬಗೆ, ಕೊನೆಗೆ ಇದರಿಂದ ಆಗದಿದ್ದರೆ ಮುಂದೇನು. ಮೇಲಿನ ಪ್ರಶ್ನೆಗೆ ಹೀಗೆ:

‘ಫೈಲ್ ತೆರೆಯುವ ಓಪನ್ ಕರೆಯಲ್ಲಿ ಎನ್‌ಕೋಡಿಂಗ್ ಎಂಬ ಜಾಗಕ್ಕೆ ಯುಟಿಎಫ್-8-ಸಿಗ್ ಎಂದು ಕೊಡಿ. ವಿಂಡೋಸ್‌ನಲ್ಲಿ ಪೈಥಾನ್ ನಿಮ್ಮ ಫೈಲನ್ನು ಸಿಪಿ1252 ಎಂದುಕೊಂಡು ಓದುತ್ತಿದೆ, “ಊರು” ಪದದ ಕೊಂಬಿನಲ್ಲಿ ನಿಂತಿದೆ. ಬದಲಿಸಿದ ಮೇಲೆ ಮೊದಲ ಸಾಲನ್ನು ಪ್ರಿಂಟ್ ಮಾಡಿ, ಕನ್ನಡ ಸರಿಯಾಗಿ ಕಂಡರೆ ಮುಗಿಯಿತು. ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅಲ್ಲೂ ಹಾಗೇ ಇದ್ದರೆ ಸೇವ್ ಮಾಡುವಾಗಲೇ ಅಕ್ಷರ ಹೋಗಿದೆ, ಮೂಲ ಪ್ರತಿಯಿಂದ ಮತ್ತೆ ಸೇವ್ ಮಾಡಬೇಕು. ನಾನು ವಿಂಡೋಸ್ 11ರಲ್ಲಿ ಓಡಿಸಿ ನೋಡಿದ್ದೇನೆ.’

ಬರೀ ಯುಟಿಎಫ್-8 ಎನ್ನದೆ ‘ಸಿಗ್’ ಇರುವುದನ್ನು ಹೇಳಿದ್ದಕ್ಕೆ ಕಾರಣ ಉಂಟು. ಎರರ್ 27ರಲ್ಲಿ ಬಂದದ್ದರಿಂದ ಈ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಮೂರು ಬೈಟಿನ ಗುರುತು ಇಲ್ಲವೆಂದು ಗೊತ್ತಾಗುತ್ತದೆ. ಇದ್ದಿದ್ದರೆ 30 ಎಂದು ಬರುತ್ತಿತ್ತು. ಇವತ್ತಿಗೆ ಯುಟಿಎಫ್-8 ಸಾಕು. ಆದರೆ ನಾಳೆ ಅದೇ ಫೈಲನ್ನು ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದು ಸೇವ್ ಮಾಡಿದರೆ ಬಿಒಎಂ ಸೇರಿಕೊಳ್ಳುತ್ತದೆ. ಆಗ ಮೊದಲ ಕಾಲಮ್ಮಿನ ಹೆಸರಿಗೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿ, ‘ದಿನಾಂಕ’ ಎಂಬ ಕೀ ಇಲ್ಲ ಎಂದು ಎರರ್ ಬರುತ್ತದೆ. ಪರದೆಯಲ್ಲಿ ನೋಡಿದರೆ ‘ದಿನಾಂಕ’ ಅಲ್ಲೇ ಇರುತ್ತದೆ! ಹೊಸಬರು ಅರ್ಧ ದಿನ ತಲೆ ಕೆಡಿಸಿಕೊಳ್ಳುವ ಜಾಗ ಇದು. ಯುಟಿಎಫ್-8-ಸಿಗ್ ಆ ಗುರುತು ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಇಂಥ ಮುಂದಿನ ಗುಂಡಿಯನ್ನೂ ಮುಚ್ಚಿ ಕೊಡುವುದು ಒಳ್ಳೆಯ ಉತ್ತರದ ಲಕ್ಷಣ.

ಇದಕ್ಕೆ ತದ್ವಿರುದ್ಧವಾದದ್ದು, ಎರರ್ ಬಾಯಿ ಮುಚ್ಚಿಸುವ ಸಲಹೆ: ‘ಎರರ್ಸ್ ಜಾಗಕ್ಕೆ ಇಗ್ನೋರ್ ಎಂದು ಹಾಕಿ, ಸರಿಹೋಗುತ್ತೆ.’ ಎರರ್ ಹೋಗುತ್ತದೆ, ನಿಜ. ಮಳೆಯ ಅಂಕಿಗಳೂ ಸರಿಯಾಗಿ ಬರುತ್ತವೆ. ಆದರೆ ಕನ್ನಡವೆಲ್ಲ ಕಸವಾಗಿ, ಅದರಲ್ಲೂ ಕೆಲವು ಬೈಟುಗಳು ಉದುರಿ, ತಿಂಗಳು ಕಳೆದ ಮೇಲೆ ಯಾವ ಊರಿನ ಲೆಕ್ಕ ಯಾವುದೆಂದು ಗೊತ್ತಾಗದ ಫೈಲ್ ಕೈಯಲ್ಲಿ ಉಳಿಯುತ್ತದೆ. ತಾತ್ಕಾಲಿಕ ಉಪಾಯ ಹೇಳುವಾಗ ಅದು ತಾತ್ಕಾಲಿಕ ಎಂದೂ ಏನು ಹೋಗುತ್ತದೆ ಎಂದೂ ಹೇಳಿ.

ಗೊತ್ತಿದ್ದು ಹೇಳುವುದಕ್ಕೂ ಊಹಿಸಿ ಹೇಳುವುದಕ್ಕೂ ಗೆರೆ ಎಳೆಯಿರಿ. ‘ಓಡಿಸಿ ನೋಡಿದ್ದೇನೆ’, ‘ನೋಡಿಲ್ಲ, ಹೀಗಿರಬಹುದು’, ಎರಡರಲ್ಲಿ ಒಂದು ಇರಲಿ. ಎಐನಿಂದ ಬಂದ ಉತ್ತರವಾದರೆ ಹಾಗೆಂದು ಹೇಳಿ, ಓಡಿಸದೆ ಅಂಟಿಸಬೇಡಿ. ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರಿನಲ್ಲೇ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯೆನಿಸಿ ಒಳಗೆ ತಪ್ಪಿರುವ ಉತ್ತರಗಳು ರಾಶಿ ಬಿದ್ದು, ಪರೀಕ್ಷಿಸುವವರಿಗೆ ಕೈ ಸಾಲದಾಗಿತ್ತು. ಕೇಳಿದವರಿಗೂ ಎಐ ಗೊತ್ತಿರುತ್ತದೆ. ಗುಂಪಿಗೆ ಬಂದಿರುವುದು ಮನುಷ್ಯರು ಪರೀಕ್ಷಿಸಿದ ಮಾತಿಗಾಗಿ.

‘ಇಷ್ಟಕ್ಕೆ ಪೈಥಾನ್ ಯಾಕೆ, ಎಕ್ಸೆಲ್ ಸಾಕಲ್ಲ’ ಎಂಬ ಮಾತು ಸರಿಯೇ ಇರಬಹುದು. ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟು ಆಮೇಲೆ ಹೇಳಿ. ಇನ್ನೊಬ್ಬರು ಕೊಟ್ಟ ಉತ್ತರ ತಪ್ಪೆನಿಸಿದರೆ ಅವರನ್ನು ಬಿಟ್ಟು ಉತ್ತರವನ್ನು ಹಿಡಿಯಿರಿ: ‘ಇದು ಉಬುಂಟುವಿಗೆ ಸರಿ, ವಿಂಡೋಸ್‌ನಲ್ಲಿ ಹೀಗಾಗುತ್ತದೆ’ ಎಂದು ಔಟ್‌ಪುಟ್ ತೋರಿಸಿದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಮಾತಿನ ಧಾಟಿ

ಎದುರಾಎದುರು ನಗುತ್ತಾ ಹೇಳಿದರೆ ಸಲುಗೆಯಾಗುವ ‘ಇಷ್ಟೂ ಗೊತ್ತಿಲ್ವಾ?’ ಬರಹದಲ್ಲಿ ಬರೀ ಅವಮಾನ. ‘ಸಿಂಪಲ್’, ‘ಅಷ್ಟೇ’ ಎಂಬ ಪದಗಳೂ ಹಾಗೆಯೇ. ಮೂರು ಗಂಟೆ ಒದ್ದಾಡಿ ಬಂದವರಿಗೆ ‘ಸಿಂಪಲ್’ ಎಂದರೆ ನೀನು ದಡ್ಡ ಎಂದಂತೆ ಕೇಳಿಸುತ್ತದೆ. ‘ಗೂಗಲ್ ಮಾಡು’ ಎನ್ನುವ ಬದಲು ಯಾವ ಪದ ಹಾಕಿ ಹುಡುಕಬೇಕೆಂದು ಹೇಳಿ. ಅಷ್ಟಕ್ಕೂ ಹೊಸಬರಿಗೆ ಗೊತ್ತಿರದಿರುವುದು ಅದೇ.

ಪರಿಚಯವಿಲ್ಲದವರಿಗೆ ‘ನೀವು’, ವಯಸ್ಸು ಎಷ್ಟೇ ಇರಲಿ. ಪ್ರೊಫೈಲಿನಲ್ಲಿ ಚಿತ್ರವಿಲ್ಲದವರನ್ನೆಲ್ಲ ‘ಬ್ರೋ’, ‘ಸರ್’ ಎನ್ನಬೇಡಿ, ಗುಂಪಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹೆಸರಿಗೆ ‘ಅವರೇ’ ಸೇರಿಸಿದರೆ ಯಾರಿಗೂ ನೋಯುವುದಿಲ್ಲ. ಕೊಡವರ ಹೆಸರಿನಲ್ಲಿ ಮನೆತನ ಮೊದಲು, ಸ್ವಂತ ಹೆಸರು ಕೊನೆಗೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರದ್ದು ನೋಡಿ. ಹೊರಗಿನ ಗುಂಪಿನವರು ಮೊದಲ ಪದ ಹಿಡಿದು ಕರೆದರೆ ಇಡೀ ಮನೆತನವನ್ನೇ ಕರೆದಂತಾಗುತ್ತದೆ. ಪ್ರೊಫೈಲಿನಲ್ಲಿ ಕರೆಯುವ ಹೆಸರೊಂದನ್ನೇ ಇಟ್ಟುಕೊಂಡರೆ ಸುಲಭ.

ಸ್ಟಾಕ್ ಓವರ್‌ಫ್ಲೋದಲ್ಲಿ ಮಾತ್ರ ಲೆಕ್ಕ ಬೇರೆ. ‘ಹಲೋ ಸರ್’, ‘ಮುಂಗಡ ಧನ್ಯವಾದ’ಗಳನ್ನು ಅಲ್ಲಿ ಬೇರೆಯವರು ಬಂದು ಅಳಿಸುತ್ತಾರೆ. ಅದು ಅಲ್ಲಿನ ಕ್ರಮ, ಅವಮಾನವಲ್ಲ.

ಸಲಹೆ ಸಿಕ್ಕ ಮೇಲೆ

ಹೇಳಿದ್ದನ್ನು ಹೇಳಿದಂತೆಯೇ ಮೊದಲು ಮಾಡಿ. ಜೊತೆಗೆ ಇನ್ನೆರಡು ಬದಲಾವಣೆ ಸೇರಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ‘ಆಗಲಿಲ್ಲ’ ಎಂಬ ಒಂದೇ ಪದದ ಉತ್ತರ ಬೇಡ. ಹಳೆಯ ಎರರ್ ಹಾಗೇ ಇದೆಯೇ, ಹೊಸದು ಬಂತೇ? ಹೊಸದಾದರೆ ಅದೂ ಒಂದು ಮುನ್ನಡೆ, ಪೂರ್ತಿ ಅಂಟಿಸಿ. ಸಲಹೆ ಒಪ್ಪಿಗೆಯಾಗದಿದ್ದರೆ ಕಾರಣ ಕೊಟ್ಟು ಹೇಳಿ, ಆದರೆ ಮಾಡಿ ನೋಡದೆ ವಾದಕ್ಕಿಳಿಯಬೇಡಿ.

ಒರಟು ಉತ್ತರ ಬಂದರೆ ಅದರಲ್ಲಿ ಕೋಡಿಗೆ ಸಂಬಂಧಿಸಿದ ಮಾತು ಇದೆಯೇ ನೋಡಿ. ಇದ್ದರೆ ಅದನ್ನು ತೆಗೆದುಕೊಳ್ಳಿ, ಉಳಿದದ್ದಕ್ಕೆ ಉತ್ತರಿಸಬೇಡಿ. ಬೈಗುಳ, ಜಾತಿ, ಊರು, ಇಂಗ್ಲಿಷ್ ಬಾರದ್ದನ್ನು ಆಡಿಕೊಳ್ಳುವುದು ಇವಕ್ಕೆ ಬಂದರೆ ಸ್ಕ್ರೀನ್‌ಶಾಟ್ ತೆಗೆದು ಅಡ್ಮಿನ್‌ಗೆ ಕಳಿಸಿ. ಜಾಣರು ಒರಟಾಗಿದ್ದರೂ ನಡೆಯುತ್ತದೆ ಎಂಬ ಹಳೆಯ ವಾದ ಈಗ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ನಡುವೆಯೂ ನಡೆಯುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕಟುವಾದ ಮೇಲ್‌ಗಳಿಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲ ಕಾಲ ಕೆಲಸದಿಂದ ದೂರ ಸರಿದರು. ಅದೇ ಹೊತ್ತಿಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಯೋಜನೆಗೆ ನಡವಳಿಕೆಯ ನಿಯಮಾವಳಿಯೂ ಬಂತು.

ಸರಿಹೋದ ಮೇಲೆ ಒಂದು ಸಂದೇಶ ಬಾಕಿ ಇರುತ್ತದೆ. ‘ಥ್ಯಾಂಕ್ಸ್, ಆಯ್ತು’ ಎಂದು ಬರೆದರೆ ಕೇಳಿದವರಿಗೂ ಹೇಳಿದವರಿಗೂ ಸಾಕು, ಮುಂದಿನ ಮಳೆಗಾಲದಲ್ಲಿ ಇದೇ ಎರರ್ ಹುಡುಕಿಕೊಂಡು ಬರುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಬಗೆಹರಿಯಿತು. ವಿಂಡೋಸ್ 11, ಪೈಥಾನ್ 3.12ರಲ್ಲಿ ಕನ್ನಡ ಸಿಎಸ್‌ವಿ ಓದುವಾಗ 81 ಬೈಟಿನ ಎರರ್. ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದು ಕೊಟ್ಟ ಮೇಲೆ ಸರಿಯಾಯಿತು.’ ಮೊದಲ ಪ್ರಶ್ನೆಗೆ ರಿಪ್ಲೈ ಆಗಿ ಹಾಕಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ವರ್ಷನ್ ಮಾತ್ರ ಬಿಡಬೇಡಿ. ಪೈಥಾನ್ 3.15ರಿಂದ ವಿಂಡೋಸ್‌ನಲ್ಲೂ ಯುಟಿಎಫ್-8 ತಾನಾಗಿಯೇ ಬರಬೇಕೆಂದು ತೀರ್ಮಾನವಾಗಿದೆ. ಅಲ್ಲಿಂದಾಚೆಗೆ ಈ ಎರರ್‌ಗೆ ಕಾರಣ ಬೇರೆಯೇ ಇರುತ್ತದೆ.